ಬೆಂಕಿಗೆ ತೂಕವಿದೆಯೇ?

ಸಹೋದರಿಯರೇ, ಅಡುಗೆ ನಡೆಯುತ್ತಿರುವಾಗಲೇ ಗ್ಯಾಸ್ ಮುಗಿದರೆ ನೀವೇನು ಮಾಡುತ್ತೀರಿ? ಸಿಲಿಂಡರನ್ನು ಒಮ್ಮೆ ಅಲುಗಾಡಿಸಿ ನೋಡುತ್ತೀರಿ. ಉರಿ ಮತ್ತೆ ಬರಬಹುದೇ ಎಂದು ಕಾಯುತ್ತೀರಿ. ಬರದಿದ್ದರೆ ಖಾಲಿ ಸಿಲಿಂಡರನ್ನು ಉರುಳಿಸಿಕೊಂಡು ಬಾಗಿಲ ಬಳಿ ಇಡುತ್ತೀರಿ. ತುಂಬಿದ್ದಾಗ ಎತ್ತಲು ಇಬ್ಬರು ಬೇಕಾಗಿದ್ದುದನ್ನು ಈಗ ಒಬ್ಬರೇ ಎತ್ತಬಹುದು. ಅದರಲ್ಲಿ 14.2 ಕಿಲೋ ಅನಿಲವಿತ್ತು. ಆ 14.2 ಕಿಲೋ ಎಲ್ಲಿಗೆ ಹೋಯಿತು?

ಗೋಪಾಳದ ನಮ್ಮ ಬೀದಿಯ ಹುಡುಗಿಯೊಬ್ಬಳು ಒಂದು ಸಂಜೆ ಈ ಪ್ರಶ್ನೆ ಹಿಡಿದು ನನ್ನ ಬಳಿ ಬಂದಳು. ಹತ್ತನೇ ತರಗತಿಯವಳು. "ಆಪಾ, ಗ್ಯಾಸೆಲ್ಲ ಬೆಂಕಿಯಾಗಿ ಹೋಯಿತು ಅಂತ ದಾದಿ ಹೇಳ್ತಾರೆ. ಹಾಗಾದರೆ ಬೆಂಕಿಗೆ ತೂಕ ಇದೆಯಾ?" ಎಂದು ಕೇಳಿದಳು. ಇದನ್ನೇ ಅವಳು ಮನೆಯಲ್ಲಿ ಕೇಳಿದಾಗ, "ಪರೀಕ್ಷೆಗೆ ಬರೋದನ್ನು ಮೊದಲು ಓದು" ಎಂದು ಅಮ್ಮಿ ಗದರಿದ್ದರಂತೆ.

ನಾನೂ ಆ ಕೂಡಲೇ ಉತ್ತರ ಹೇಳಲಿಲ್ಲ. "ನಾಳೆ ಬಾ" ಎಂದೆ. ಯಾಕೆಂದರೆ ಅದು ಸಣ್ಣ ಪ್ರಶ್ನೆಯಾಗಿರಲಿಲ್ಲ. ನೂರು ವರ್ಷಗಳ ಹಿಂದೆ ಇಡೀ ಜಗತ್ತಿನ ವಿಜ್ಞಾನವನ್ನು ಅಲುಗಾಡಿಸಿದ ಪ್ರಶ್ನೆಯೇ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿತ್ತು.

ಅಡುಗೆಮನೆಯ ಲೆಕ್ಕ

ಮೊದಲು ದಾದಿಯ ಮಾತನ್ನು ನೋಡೋಣ. ಗ್ಯಾಸ್ ಬೆಂಕಿಯಾಗಿ ಮಾಯವಾಗುವುದಿಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕದೊಂದಿಗೆ ಸೇರುತ್ತದೆ. ಒಂದು ಸಿಲಿಂಡರ್ ಪೂರ್ತಿ ಉರಿಯಲು ಸುಮಾರು 51 ಕಿಲೋ ಆಮ್ಲಜನಕ ಬೇಕು. ಉರಿದ ಬಳಿಕ ಸುಮಾರು 43 ಕಿಲೋ ಇಂಗಾಲದ ಡೈಆಕ್ಸೈಡ್ ಮತ್ತು 22 ಕಿಲೋ ನೀರಾವಿ ಉಂಟಾಗಿ ಕಿಟಕಿಯಿಂದ ಹೊರಗೆ ಹೋಗುತ್ತವೆ. 14 ಮತ್ತು 51 ಸೇರಿದರೆ 65. 43 ಮತ್ತು 22 ಸೇರಿದರೂ 65. ಲೆಕ್ಕ ಸರಿಯಾಯಿತು. ಕಣ್ಣಿಗೆ ಕಾಣದಿದ್ದ ಮಾತ್ರಕ್ಕೆ ವಸ್ತು ಇಲ್ಲವಾಗುವುದಿಲ್ಲ.

ವಸ್ತುವಿನಲ್ಲಿರುವ ಈ ಪ್ರಮಾಣವನ್ನೇ ಶಾಲೆಯ ಪುಸ್ತಕಗಳು ದ್ರವ್ಯರಾಶಿ ಎನ್ನುತ್ತವೆ. ನಮ್ಮ ಮಾತಿನಲ್ಲಿ ತೂಕ ಎಂದುಕೊಂಡರೆ ಸದ್ಯಕ್ಕೆ ಸಾಕು. ಸುಟ್ಟರೂ ಕರಗಿಸಿದರೂ ಒಟ್ಟು ದ್ರವ್ಯರಾಶಿ ಬದಲಾಗುವುದಿಲ್ಲ ಎಂದು ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸಿನ ಲವಾಸಿಯೇ ತಕ್ಕಡಿ ಹಿಡಿದು ತೋರಿಸಿದ್ದರು. ನೂರಕ್ಕೂ ಹೆಚ್ಚು ವರ್ಷ ಅದೇ ಕೊನೆಯ ಮಾತಾಗಿತ್ತು.

1905ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸಕ್ಕಿದ್ದ ಇಪ್ಪತ್ತಾರು ವರ್ಷದ ಆಲ್ಬರ್ಟ್ ಐನ್‌ಸ್ಟೈನ್ ಮೂರೇ ಪುಟಗಳ ಒಂದು ಲೇಖನ ಬರೆದರು. ಅದರ ತಲೆಬರಹವೇ ಒಂದು ಪ್ರಶ್ನೆಯಾಗಿತ್ತು. ವಸ್ತುವಿನೊಳಗೆ ಎಷ್ಟು ಶಕ್ತಿಯಿದೆಯೋ ಅದಕ್ಕೆ ತಕ್ಕಂತೆ ಅದರ ಜಡತ್ವವೂ ಹೆಚ್ಚು ಕಡಿಮೆಯಾಗುತ್ತದೆಯೇ ಎಂಬುದು ಅದರ ಅರ್ಥ. ಉತ್ತರ: ಹೌದು. ಶಕ್ತಿಗೂ ದ್ರವ್ಯರಾಶಿಯಿದೆ. ಒಂದು ವಸ್ತುವಿನಿಂದ ಶಾಖವೋ ಬೆಳಕೋ ಹೊರಗೆ ಹೋದರೆ ಅದರ ತೂಕವೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಶಕ್ತಿ ಒಳಗೆ ಬಂದರೆ ತೂಕ ಏರುತ್ತದೆ.

ಅಂದರೆ ಸ್ನಾನಕ್ಕೆಂದು ಕಾಯಿಸಿದ ನೀರು ಅದೇ ತಣ್ಣೀರಿಗಿಂತ ಹೆಚ್ಚು ತೂಗುತ್ತದೆ! ಆದರೆ ಎಷ್ಟು? ಹತ್ತು ಲೀಟರ್ ನೀರನ್ನು ನಲವತ್ತು ಡಿಗ್ರಿ ಬಿಸಿ ಮಾಡಿದರೆ, ಒಂದು ಗ್ರಾಮನ್ನು ಐದು ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲಿನಷ್ಟು. ನಮ್ಮ ಸಿಲಿಂಡರಿನ ಕಥೆಯೂ ಹಾಗೆಯೇ. ಮೇಲಿನ 65 ಕಿಲೋದ ಲೆಕ್ಕದಲ್ಲಿ ನಿಜಕ್ಕೂ ಒಂದು ಕೊರತೆಯಿದೆ. ಶಾಖವಾಗಿ ಹೊರಟುಹೋದ ಆ ತೂಕ ಒಂದು ಗ್ರಾಮಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು ಏಳು ಪಾಲು ಮಾತ್ರ. ಲವಾಸಿಯೇ ಅವರ ತಕ್ಕಡಿಗೆ ಸಿಗದೆ ಉಳಿದದ್ದು ಇದೇ.

ಆದ್ದರಿಂದ ಹುಡುಗಿಯ ಪ್ರಶ್ನೆಗೆ ಉತ್ತರ: ಹೌದಮ್ಮಾ, ಬೆಂಕಿಯ ಶಾಖಕ್ಕೂ ತೂಕವಿದೆ. ಆದರೆ ಬಹಳ ಬಹಳ ಕಡಿಮೆ.

ರಿಯಾಲ್ ಮತ್ತು ರೂಪಾಯಿ

ಇದನ್ನು ಹೇಳುವ ಸೂತ್ರವನ್ನು ನೀವು ಎಲ್ಲಾದರೂ ಕೇಳಿಯೇ ಇರುತ್ತೀರಿ: ಇ ಈಕ್ವಲ್ ಟು ಎಂ ಸಿ ಸ್ಕ್ವೇರ್. 'ಇ' ಎಂದರೆ ಶಕ್ತಿ, 'ಎಂ' ಎಂದರೆ ದ್ರವ್ಯರಾಶಿ, 'ಸಿ' ಎಂದರೆ ಬೆಳಕಿನ ವೇಗ. ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ಮೀಟರಿನಲ್ಲಿ ಹೇಳಿದರೆ ಮೂವತ್ತು ಕೋಟಿ. ಮೂವತ್ತು ಕೋಟಿಯನ್ನು ಮೂವತ್ತು ಕೋಟಿಯಿಂದಲೇ ಗುಣಿಸಿದರೆ 9ರ ಮುಂದೆ ಹದಿನಾರು ಸೊನ್ನೆಗಳು.

ನಮ್ಮಲ್ಲಿ ಎಷ್ಟೋ ಮನೆಗಳಿಗೆ ಗಲ್ಫಿನಿಂದ ಹಣ ಬರುತ್ತದೆ. ಮಗನೋ ಗಂಡನೋ ಅಲ್ಲಿ ರಿಯಾಲ್ ಕಟ್ಟುತ್ತಾರೆ, ಇಲ್ಲಿ ಬ್ಯಾಂಕಿನಲ್ಲಿ ರೂಪಾಯಿ ಸಿಗುತ್ತದೆ. ದುಡಿದ ಹಣ ಒಂದೇ, ಲೆಕ್ಕ ಮಾತ್ರ ಬೇರೆ. ನಡುವೆ ಒಂದು ದರವಿರುತ್ತದೆ. ದ್ರವ್ಯರಾಶಿಯನ್ನು ರಿಯಾಲ್ ಎಂದೂ ಶಕ್ತಿಯನ್ನು ರೂಪಾಯಿ ಎಂದೂ ಭಾವಿಸಿರಿ. 'ಸಿ ಸ್ಕ್ವೇರ್' ಎಂಬುದು ಆ ದರ. ದರ ಅಷ್ಟು ದೊಡ್ಡದಾಗಿರುವುದರಿಂದಲೇ ರಾಶಿ ರಾಶಿ ಶಾಖವನ್ನು ತೂಗಿದರೂ ತಕ್ಕಡಿ ಅಲುಗುವುದಿಲ್ಲ. ಅದೇ ಕಾರಣಕ್ಕೆ, ಚಿಟಿಕೆಯಷ್ಟು ವಸ್ತು ಪೂರ್ತಿ ಶಕ್ತಿಯಾಗಿಬಿಟ್ಟರೆ ಅದನ್ನು ಹಿಡಿಯಲು ಪಾತ್ರೆ ಸಾಲದು.

ಒಂದು ಗ್ರಾಮಿನಲ್ಲಿ ಒಂದು ದಿನದ ಶರಾವತಿ

ಒಂದು ಗ್ರಾಂ ಎಷ್ಟೆಂದು ಚಿನ್ನದಂಗಡಿಗೆ ಹೋಗುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಮೂಗುಬೊಟ್ಟಿನಷ್ಟು. ಅದು ಚಿನ್ನವೇ ಆಗಬೇಕಿಲ್ಲ. ಒಂದು ಗ್ರಾಂ ಮಣ್ಣಾದರೂ ಸರಿ, ಸೂತ್ರಕ್ಕೆ ಎರಡೂ ಒಂದೇ. ಅದಕ್ಕೆ ಸಮನಾದ ಶಕ್ತಿ ಎಷ್ಟು?

ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಸುಮಾರು ಎರಡೂವರೆ ಕೋಟಿ ಯೂನಿಟ್. ತಿಂಗಳಿಗೆ ನೂರು ಯೂನಿಟ್ ಬಳಸುವ ಇಪ್ಪತ್ತು ಸಾವಿರ ಮನೆಗಳಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟು.

ಇನ್ನೊಂದು ಲೆಕ್ಕ ಹೇಳುತ್ತೇನೆ. ಲಿಂಗನಮಕ್ಕಿ ಅಣೆಕಟ್ಟಿನ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳಿವೆ. ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ಹತ್ತೂ ಯಂತ್ರಗಳು ಒಂದು ಹಗಲು ಒಂದು ರಾತ್ರಿ ನಿಲ್ಲದೆ ಪೂರ್ತಿ ಓಡಿದರೆ ಎಷ್ಟು ವಿದ್ಯುತ್ ಹುಟ್ಟುತ್ತದೋ, ಅದರ ತೂಕ ಹೆಚ್ಚು ಕಡಿಮೆ ಸರಿಯಾಗಿ ಒಂದು ಗ್ರಾಂ! ಸಾಗರ, ಹೊಸನಗರದ ಕಡೆ ಮಳೆ ಸುರಿಯಬೇಕು, ಜಲಾಶಯ ತುಂಬಬೇಕು, ದೊಡ್ಡ ದೊಡ್ಡ ಕೊಳವೆಗಳಲ್ಲಿ ನೀರು ಧುಮುಕಬೇಕು. ಇಷ್ಟೆಲ್ಲ ಆಗಿ ತಂತಿಗಳ ಮೂಲಕ ನಾಡಿಗೆಲ್ಲ ಹಂಚಿಹೋದದ್ದು ಒಂದು ಮೂಗುಬೊಟ್ಟಿನಷ್ಟು ತೂಕ.

ಆ ಒಂದು ಗ್ರಾಮಿಗಾಗಿ ತೆತ್ತ ಬೆಲೆಯನ್ನೂ ಇಲ್ಲೇ ನೆನೆಯಬೇಕು. 1960ರ ದಶಕದಲ್ಲಿ ಲಿಂಗನಮಕ್ಕಿಯ ನೀರು ಏರಿದಾಗ ಹೊಲ, ತೋಟ, ಊರುಗಳು ಮುಳುಗಿದವು. ಅಲ್ಲಿಂದ ಎದ್ದು ಬಂದ ಕುಟುಂಬಗಳು ನಮ್ಮ ಜಿಲ್ಲೆಯ ಬೇರೆ ಬೇರೆ ಕಡೆ ನೆಲೆಸಿದವು. ಭೂಮಿಯ ಹಕ್ಕುಪತ್ರಕ್ಕಾಗಿ ಅವರ ಮಕ್ಕಳು ಮೊಮ್ಮಕ್ಕಳು ದಶಕಗಳ ಕಾಲ ಕಚೇರಿಗಳಿಗೆ ಅಲೆದಿದ್ದಾರೆ. ಸ್ವಿಚ್ ಒತ್ತುವಾಗ ನಮಗೆ ಬಿಲ್ ಮಾತ್ರ ನೆನಪಾಗುತ್ತದೆ. ಆದರೆ ಶಕ್ತಿಯ ಲೆಕ್ಕದಲ್ಲಿ ಬಿಲ್ಲಿಗೆ ಬಾರದ ಬಾಕಿಯೂ ಇರುತ್ತದೆ.

ಬಿಸಿಲಿನ ತೂಕ

ಶರಾವತಿಯ ನೀರನ್ನು ಅಷ್ಟೆತ್ತರಕ್ಕೆ ಏರಿಸಿದವರು ಯಾರು? ಸಮುದ್ರದ ನೀರನ್ನು ಆವಿ ಮಾಡಿ, ಮೋಡ ಮಾಡಿ, ಸಹ್ಯಾದ್ರಿಯ ಮೇಲೆ ಮಳೆಯಾಗಿಸಿದ್ದು ಸೂರ್ಯನ ಶಾಖ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಹಾಕಿದ್ದು ಮಲೆನಾಡಿನ ಕಾಡುಮರದ ಇದ್ದಿಲು. ಆ ಮರಗಳೂ ಬಿಸಿಲನ್ನು ಉಂಡು ಬೆಳೆದವು. ಸಿಲಿಂಡರಿನ ಅನಿಲವೂ ಕೋಟ್ಯಂತರ ವರ್ಷಗಳ ಹಿಂದೆ ಬಿಸಿಲಿನಿಂದ ಬದುಕಿದ್ದ ಸೂಕ್ಷ್ಮ ಜೀವಿಗಳ ಅವಶೇಷವೇ. ನಾವು ಉಣ್ಣುವ ಅನ್ನ, ಅಂಗಳದಲ್ಲಿ ಒಣಗುವ ಹಪ್ಪಳ, ಅಡಿಕೆ, ಎಲ್ಲದರ ಹಿಂದೆಯೂ ಅದೇ ಬಿಸಿಲು.

ಹಾಗಾದರೆ ಸೂರ್ಯನಿಗೆ ಆ ಶಕ್ತಿ ಎಲ್ಲಿಂದ ಬರುತ್ತದೆ? ಸೂರ್ಯನ ಒಡಲಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಬೆಸೆದುಕೊಂಡು ಹೀಲಿಯಂ ಆಗುತ್ತದೆ. ಹುಟ್ಟಿದ ಹೀಲಿಯಂ ತೂಗಿದರೆ ಸುಮಾರು 42 ಲಕ್ಷ ಟನ್ ಕಡಿಮೆ. ಆ ಕಳೆದುಹೋದ ತೂಕವೇ ಬಿಸಿಲು. ನೀವು ಈ ಸಾಲು ಓದಿ ಮುಗಿಸುವಷ್ಟರಲ್ಲಿ ಸೂರ್ಯ ಮತ್ತೊಂದು ಕೋಟಿ ಟನ್ನಿಗಿಂತ ಹೆಚ್ಚು ಹಗುರವಾಗಿರುತ್ತಾನೆ. ಭಯ ಬೇಡ. ಅವನ ಒಟ್ಟು ತೂಕದ ಮುಂದೆ ಇದು ಏನೂ ಅಲ್ಲ. ಇನ್ನೂ ಸುಮಾರು ಐನೂರು ಕೋಟಿ ವರ್ಷ ಉರಿಯುವಷ್ಟು ಇಂಧನ ಅಲ್ಲಿದೆ.

ಸೂರ್ಯ ಕಳೆದುಕೊಳ್ಳುವ ಆ 42 ಲಕ್ಷ ಟನ್ನಿನಲ್ಲಿ ನಮ್ಮ ಭೂಮಿಯ ಪಾಲಿಗೆ ಬರುವುದು ಎಷ್ಟು ಗೊತ್ತೇ? ಸೆಕೆಂಡಿಗೆ ಎರಡು ಕಿಲೋಗಿಂತ ತುಸು ಕಡಿಮೆ. ಅಂಗಡಿಯಿಂದ ತರುವ ಎರಡು ಕಿಲೋ ಸಕ್ಕರೆ ಪೊಟ್ಟಣದಷ್ಟು ಬಿಸಿಲಿನಲ್ಲಿ ಎಲ್ಲ ಸಮುದ್ರಗಳು ಬೆಚ್ಚಗಿವೆ, ಎಲ್ಲ ಕಾಡು ಹಸಿರಾಗಿದೆ, ಕೋಟಿ ಕೋಟಿ ಬಾಯಿಗಳಿಗೆ ತುತ್ತು ಸಿಗುತ್ತಿದೆ. ಈ ಅಳತೆಯನ್ನು ಮೊದಲ ಸಲ ತಿಳಿದ ದಿನ ಝುಹರ್ ನಮಾಝಿಗೆ ನಿಂತಾಗ ನನ್ನ ಕಣ್ಣು ತುಂಬಿ ಬಂದಿತ್ತು.

ನೆಲಮಾಳಿಗೆಯ ವಿಜ್ಞಾನಿ

ಇಷ್ಟು ಶಕ್ತಿ ಪ್ರತಿ ವಸ್ತುವಿನಲ್ಲೂ ಇದ್ದರೆ ಕಲ್ಲು ಮಣ್ಣಿನಿಂದಲೇ ಕರೆಂಟ್ ಯಾಕೆ ತೆಗೆಯಬಾರದು ಎಂದು ನೀವು ಕೇಳಬಹುದು. ಶಕ್ತಿ ಇದೆ, ಆದರೆ ಬೀಗ ಗಟ್ಟಿ. ಪರಮಾಣುವಿನ ನಡುವೆ ಬೀಜಕೇಂದ್ರವಿದೆ. ಅದರೊಳಗೆ ಪ್ರೋಟಾನ್, ನ್ಯೂಟ್ರಾನ್ ಎಂಬ ಕಣಗಳು ಬಿಗಿಯಾಗಿ ಕಟ್ಟಿಕೊಂಡಿರುತ್ತವೆ. ಆ ಗಂಟನ್ನು ಬಿಚ್ಚಿ ಬೇರೆ ರೀತಿಯಲ್ಲಿ ಕಟ್ಟಿದಾಗ ಮಾತ್ರ ತೂಕದ ಒಂದು ಸಣ್ಣ ಪಾಲು ಶಕ್ತಿಯಾಗಿ ಹೊರಬರುತ್ತದೆ.

ಯುರೇನಿಯಂ ಪರಮಾಣುವಿನಲ್ಲಿ ಆ ಗಂಟು ಒಡೆಯುತ್ತದೆಂದು ಲೆಕ್ಕ ಹಾಕಿ ತೋರಿಸಿದವರಲ್ಲಿ ಒಬ್ಬರು ಮಹಿಳೆ. ಹೆಸರು ಲೀಸ್ ಮೈಟ್ನರ್. 1878ರಲ್ಲಿ ವಿಯೆನ್ನಾದಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳ ಶಾಲೆ ಹದಿನಾಲ್ಕನೇ ವಯಸ್ಸಿಗೆ ಮುಗಿಯುತ್ತಿತ್ತು. ಅವರು ಮನೆಯಲ್ಲಿ ಪಾಠ ಹೇಳಿಸಿಕೊಂಡು, ಪರೀಕ್ಷೆ ಕಟ್ಟಿ, ವಿಶ್ವವಿದ್ಯಾಲಯ ಸೇರಿ ಡಾಕ್ಟರೇಟ್ ಪಡೆದರು. 1907ರಲ್ಲಿ ಬರ್ಲಿನ್‌ಗೆ ಹೋದಾಗ ಅಲ್ಲಿನ ರಸಾಯನಶಾಸ್ತ್ರ ಸಂಸ್ಥೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ನೆಲಮಾಳಿಗೆಯ ಹಳೆಯ ಬಡಗಿ ಕೋಣೆಯಲ್ಲಿ, ಹೊರಗಿನ ಬಾಗಿಲಿನಿಂದ ಬಂದು ಹೋಗುವ ಷರತ್ತಿನ ಮೇಲೆ ಅವರು ಸಂಶೋಧನೆ ಆರಂಭಿಸಿದರು.

ಮೂವತ್ತು ವರ್ಷ ಅಲ್ಲಿ ದುಡಿದ ಬಳಿಕ, 1938ರಲ್ಲಿ ನಾಝಿಗಳ ಕಾಟದಿಂದ ಜೀವ ಉಳಿಸಿಕೊಳ್ಳಲು ದೇಶ ಬಿಟ್ಟು ಸ್ವೀಡನ್ ಸೇರಿದರು. ಅದೇ ವರ್ಷ ಡಿಸೆಂಬರಿನಲ್ಲಿ ಅವರ ಹಳೆಯ ಸಹೋದ್ಯೋಗಿ ಒಟ್ಟೋ ಹಾನ್ ಅವರಿಂದ ಪತ್ರ ಬಂತು. ಯುರೇನಿಯಂಗೆ ನ್ಯೂಟ್ರಾನ್ ಹೊಡೆದರೆ ಅದರ ಅರ್ಧದಷ್ಟು ಭಾರದ ಬೇರಿಯಂ ಸಿಗುತ್ತಿದೆ, ಕಾರಣ ತಿಳಿಯದು ಎಂದು. ಮೈಟ್ನರ್ ತಮ್ಮ ಸೋದರಿಯ ಮಗ ಒಟ್ಟೋ ಫ್ರಿಶ್ ಜೊತೆ ಹಿಮದಲ್ಲಿ ನಡೆಯುತ್ತಾ, ಕಾಗದದ ಚೂರಿನ ಮೇಲೆ ಲೆಕ್ಕ ಮಾಡಿದರು. ಪರಮಾಣು ಒಡೆದಿದೆ. ಒಡೆದ ತುಂಡುಗಳ ತೂಕ ಒಟ್ಟಿಗಿಂತ ಒಂದು ಪ್ರೋಟಾನಿನ ಐದನೇ ಒಂದು ಪಾಲಿನಷ್ಟು ಕಡಿಮೆ. ಆ ಕೊರತೆಯನ್ನು ಐನ್‌ಸ್ಟೈನ್ ಸೂತ್ರದಲ್ಲಿ ಹಾಕಿದಾಗ ಸಿಕ್ಕ ಶಕ್ತಿಯೂ, ತುಂಡುಗಳು ಸಿಡಿಯಲು ಬೇಕಾದ ಶಕ್ತಿಯೂ ಸರಿಯಾಗಿ ಹೊಂದಿಕೊಂಡವು.

1944ರ ನೊಬೆಲ್ ಬಹುಮಾನ ಹಾನ್ ಒಬ್ಬರಿಗೇ ಹೋಯಿತು. ಬಾಂಬ್ ತಯಾರಿಸುವ ಕೆಲಸಕ್ಕೆ ಕರೆ ಬಂದಾಗ ಮೈಟ್ನರ್ ಒಪ್ಪಲಿಲ್ಲ. 109ನೇ ಮೂಲಧಾತುವಿಗೆ ಈಗ ಅವರ ಹೆಸರಿದೆ.

ಮೂಗುಬೊಟ್ಟಿಗಿಂತ ಕಡಿಮೆ

ಅವರು ಒಪ್ಪದಿದ್ದರೂ ಬಾಂಬ್ ತಯಾರಾಯಿತು. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಿದ್ದ ಬಾಂಬಿನಲ್ಲಿ ಸುಮಾರು 64 ಕಿಲೋ ಯುರೇನಿಯಂ ಇತ್ತು. ಅದರಲ್ಲಿ ನಿಜವಾಗಿ ಒಡೆದದ್ದು ಒಂದು ಕಿಲೋಗಿಂತ ಕಡಿಮೆ. ಶಕ್ತಿಯಾಗಿ ಹೊರಬಿದ್ದ ತೂಕ ಒಂದು ಗ್ರಾಂ ಕೂಡ ಅಲ್ಲ, ಸುಮಾರು 0.7 ಗ್ರಾಂ. ಆ ವರ್ಷ ಮುಗಿಯುವಷ್ಟರಲ್ಲಿ ಸತ್ತವರು ಸುಮಾರು 1,40,000 ಮಂದಿ ಎಂಬ ಅಂದಾಜಿದೆ. ಶಾಲೆಗೆ ಹೋಗುತ್ತಿದ್ದ ಮಕ್ಕಳೂ, ಒಲೆಯ ಮುಂದಿದ್ದ ತಾಯಂದಿರೂ ಅವರಲ್ಲಿದ್ದರು.

ಅದೇ ಶಕ್ತಿಯನ್ನು ಹದದಲ್ಲಿ ಹಿಡಿದು ಬಳಸುವ ಜಾಗ ನಮ್ಮ ರಾಜ್ಯದಲ್ಲೂ ಇದೆ. ಉತ್ತರ ಕನ್ನಡದ ಕಾಳಿ ನದಿಯ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. 2000ದಿಂದ 2011ರವರೆಗೆ ಒಂದೊಂದಾಗಿ ಆರಂಭವಾದವು. ಅಲ್ಲಿ ಯುರೇನಿಯಂ ನಿಧಾನವಾಗಿ ಒಡೆಯುತ್ತದೆ, ಆ ಶಾಖದಿಂದ ನೀರು ಆವಿಯಾಗಿ ಯಂತ್ರ ತಿರುಗಿಸುತ್ತದೆ. ನಾಲ್ಕೂ ಘಟಕಗಳು ಪೂರ್ಣವಾಗಿ ನಡೆದ ದಿನ ಕರಗುವ ತೂಕ ಸುಮಾರು ಮೂರು ಗ್ರಾಂ. ಅದರ ಮೊದಲನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತ್ತು.

ಆದರೆ ಇಲ್ಲಿಯೂ ಬಾಕಿಯಿದೆ. ಒಂದು ಕಿಲೋ ಯುರೇನಿಯಂ ಒಡೆದರೆ ಶಕ್ತಿಯಾಗುವುದು ಒಂದು ಗ್ರಾಮಿಗಿಂತ ತುಸು ಕಡಿಮೆ. ಉಳಿದದ್ದೆಲ್ಲ ವಿಕಿರಣ ಸೂಸುವ ಬೂದಿಯಂತೆ ಉಳಿಯುತ್ತದೆ. ಅದನ್ನು ತಲೆಮಾರುಗಳ ಕಾಲ ಕಾಯಬೇಕು. ಶಿವರಾಮ ಕಾರಂತರಂಥ ಹಿರಿಯರು ಕೈಗಾ ಬೇಡವೆಂದು ಹೋರಾಡಿದ್ದು ಇಂಥ ಚಿಂತೆಯಿಂದಲೇ.

ಝರ್ರಃ ಎಂಬ ಪದ

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಝಿಲ್‌ಝಾಲ್ ಅಧ್ಯಾಯ ನಮ್ಮ ಮಕ್ಕಳೆಲ್ಲರಿಗೂ ಬಾಯಿಪಾಠ. ಅದರ ಕೊನೆಯಲ್ಲಿ ಝರ್ರಃ ಎಂಬ ಪದ ಬರುತ್ತದೆ. ಇಂದಿನ ಅರಬಿಯಲ್ಲಿ ಪರಮಾಣುವಿಗೆ ಅದೇ ಪದ. ಕೆಲವು ವರ್ಷಗಳ ಹಿಂದೆ ನಾನು ಮಕ್ಕಳಿಗೆ, "ನೋಡಿ, ಪರಮಾಣುವಿನ ವಿಷಯ ಕುರ್‌ಆನ್ ಆಗಲೇ ಹೇಳಿಬಿಟ್ಟಿದೆ, ವಿಜ್ಞಾನಿಗಳು ಈಗ ಕಂಡುಹಿಡಿದರು" ಎಂದು ಹೆಮ್ಮೆಯಿಂದ ಹೇಳಿದ್ದೆ. ಒಬ್ಬ ಹುಡುಗಿ ಎದ್ದು ನಿಂತು, "ಹಾಗಾದರೆ ನಾವು ಯಾಕೆ ಮೊದಲು ಕಂಡುಹಿಡಿಯಲಿಲ್ಲ ಆಪಾ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮನೆಗೆ ಬಂದು ಹಳೆಯ ಅರಬಿ ನಿಘಂಟು ತೆರೆದೆ. ಹಿಂದಿನ ವಿದ್ವಾಂಸರು ಝರ್ರಃ ಎಂಬುದಕ್ಕೆ ಕೊಟ್ಟ ಅರ್ಥ ಅತಿ ಸಣ್ಣ ಇರುವೆ, ಅಥವಾ ಕಿಟಕಿಯಿಂದ ಬೀಳುವ ಬಿಸಿಲಕೋಲಿನಲ್ಲಿ ತೇಲುವ ಧೂಳಿನ ಕಣ. ಪರಮಾಣು ಎಂಬ ಅರ್ಥ ಅದಕ್ಕೆ ಬಂದದ್ದು ಆಧುನಿಕ ಕಾಲದಲ್ಲಿ. ಅಂದರೆ ಆ ಸೂಕ್ತಗಳು ನಮಗೆ ಭೌತಶಾಸ್ತ್ರ ಕಲಿಸಲು ಬಂದವುಗಳಲ್ಲ. ಎಷ್ಟೇ ಸಣ್ಣದಾದರೂ ಒಳಿತು ಕೆಡುಕುಗಳ ಲೆಕ್ಕ ತಪ್ಪುವುದಿಲ್ಲ ಎಂದು ಎಚ್ಚರಿಸಲು ಬಂದವು. ಆ ಎಚ್ಚರಿಕೆ ಯಾವ ವಿಜ್ಞಾನದ ಸಾಕ್ಷಿಯನ್ನೂ ಕಾಯುತ್ತಿಲ್ಲ.

ಐನ್‌ಸ್ಟೈನ್ ಸೂತ್ರ ಕುರ್‌ಆನಿನಲ್ಲಿದೆ ಎಂಬಂಥ ಸಂದೇಶಗಳು ಇಂದು ಮೊಬೈಲಿಗೆ ಬರುತ್ತಲೇ ಇರುತ್ತವೆ. ದಯವಿಟ್ಟು ಅವನ್ನು ಹಾಗೆಯೇ ಮಕ್ಕಳಿಗೆ ದಾಟಿಸಬೇಡಿ. ನಾಳೆ ಮಗು ಬೆಳೆದು, ಓದಿ, ಅದು ಸರಿಯಲ್ಲವೆಂದು ತಿಳಿದಾಗ ಮೊಬೈಲಿನ ಮೇಲೆ ಸಿಟ್ಟಾಗುವುದಿಲ್ಲ. ಹೇಳಿಕೊಟ್ಟ ತಾಯಿಯ ಮಾತಿನ ಮೇಲೆ, ಆಮೇಲೆ ಧರ್ಮದ ಮೇಲೆ ಸಂಶಯ ಪಡುತ್ತದೆ. ಕುರ್‌ಆನ್ ನಮ್ಮನ್ನು ಮತ್ತೆ ಮತ್ತೆ ಕರೆಯುವುದು ಆಕಾಶ ಭೂಮಿಗಳನ್ನು ನೋಡಿ ಚಿಂತಿಸಲು. ಸಾವಿರ ವರ್ಷಗಳ ಹಿಂದೆ ಇಬ್ನುಲ್ ಹೈಸಮ್ ಬೆಳಕಿನ ಬಗ್ಗೆ ದೊಡ್ಡ ಗ್ರಂಥ ಬರೆದದ್ದು ಪ್ರಯೋಗ ಮಾಡಿ, ಅಳೆದು ನೋಡಿ. ನಾವು ಮೊದಲು ಕಂಡುಹಿಡಿಯದಿದ್ದುದಕ್ಕೆ ಕಾರಣ ನಮ್ಮ ಗ್ರಂಥದಲ್ಲಿಲ್ಲ, ನಾವು ಪ್ರಶ್ನೆ ಕೇಳುವುದನ್ನು ಬಿಟ್ಟದ್ದರಲ್ಲಿದೆ. "ಪರೀಕ್ಷೆಗೆ ಬರೋದನ್ನು ಓದು" ಎಂಬ ಗದರಿಕೆಯಲ್ಲಿದೆ.

ಸಣ್ಣದು ಎಂಬುದಿಲ್ಲ

ಮರುದಿನ ಆ ಹುಡುಗಿ ಬಂದಾಗ ಅವಳ ಅಮ್ಮಿಯೂ ಜೊತೆಗೆ ಬಂದರು. ಇಬ್ಬರಿಗೂ ಸಿಲಿಂಡರಿನ ಲೆಕ್ಕ, ಶರಾವತಿಯ ಲೆಕ್ಕ ಹೇಳಿದೆ. ನೆಲಮಾಳಿಗೆಯಲ್ಲಿ ದುಡಿದ ಮೈಟ್ನರ್ ಅವರ ಕಥೆಯನ್ನೂ ಹೇಳಿದೆ. ಅಮ್ಮಿ ಬಹಳ ಹೊತ್ತು ಸುಮ್ಮನಿದ್ದು, "ಪಿಯುಸಿಗೆ ಸೈನ್ಸ್ ಕೊಡಿಸಿದರೆ ಓದ್ತಾಳಾ ಆಪಾ?" ಎಂದು ಕೇಳಿದರು. "ಬೆಂಕಿಗೆ ತೂಕ ಇದೆಯಾ ಅಂತ ಕೇಳಿದವಳು ಓದದೆ ಇರುತ್ತಾಳಾ?" ಎಂದೆ. ತೀರ್ಮಾನ ಅವರ ಮನೆಯದು. ದುಆ ನನ್ನದು.

ಸಹೋದರಿಯರೇ, ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನ್, ತೊಟ್ಟಿಕ್ಕುವ ನಲ್ಲಿ, ಪಾತ್ರೆಯಿಲ್ಲದೆ ಉರಿಯುವ ಒಲೆ, ಇವೆಲ್ಲ ಸಣ್ಣ ವಿಷಯಗಳೆಂದು ನಮಗೆ ಅನಿಸುತ್ತದೆ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲಾಗಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಈ ಸೃಷ್ಟಿಯಲ್ಲಿ ಬಿಸಿನೀರಿನ ಶಾಖಕ್ಕೂ ತೂಕವಿದೆ, ಲೆಕ್ಕವಿದೆ. ಹಾಗಿರುವಾಗ ನಾವು ಪೋಲು ಮಾಡುವ ಬೆಳಕಿಗೆ, ನಾವು ಬಾಯಿ ಮುಚ್ಚಿಸುವ ಮಗುವಿನ ಪ್ರಶ್ನೆಗೆ ಲೆಕ್ಕವಿರುವುದಿಲ್ಲವೇ?

ಇನ್ನೊಮ್ಮೆ ಸಿಲಿಂಡರ್ ಖಾಲಿಯಾದಾಗ ನಿಮ್ಮ ಮಗುವನ್ನು ಹತ್ತಿರ ಕರೆದು, "ಇದರೊಳಗಿದ್ದದ್ದು ಎಲ್ಲಿಗೆ ಹೋಯಿತು, ಹೇಳು ನೋಡೋಣ" ಎಂದು ನೀವೇ ಕೇಳಿರಿ. ತಿಳಿಯುವ ಆಸೆಯನ್ನೂ, ತಿಳಿದದ್ದನ್ನು ಒಳಿತಿಗೆ ಬಳಸುವ ಬುದ್ಧಿಯನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಅನುಗ್ರಹಿಸಲಿ. ಆಮೀನ್.